ಚಿಕ್ಕ ಮನೆಗೂ ಹಸುರಿನ ಸಿರಿ

ನಮ್ಮ ಹಿರಿಯರ ಮನೆಗಳಿಗೆ ಮುಂದೆ ಅಂಗಳವಿತ್ತು, ಹಿಂದೆ ಹಿತ್ತಲಿತ್ತು. ಪೂಜೆಗೆ ಬೇಕಾದ ಹೂವು ಪತ್ರೆ, ಒಗ್ಗರಣೆಗೆ ಬೇಕಾದ ಕರಿಬೇವು, ಮಕ್ಕಳ ನೆಗಡಿ ಕೆಮ್ಮಿಗೆ ದೊಡ್ಡಪತ್ರೆ, ಎಲ್ಲವೂ ಹಿತ್ತಲಲ್ಲಿಯೇ ದೊರೆಯುತ್ತಿದ್ದವು. ಇಂದು ಉದ್ಯೋಗಕ್ಕಾಗಿ, ಮಕ್ಕಳ ವಿದ್ಯಾಭ್ಯಾಸಕ್ಕಾಗಿ ನಗರ ಸೇರಿದ ಅನೇಕ ಕುಟುಂಬಗಳು 20×30 ಅಡಿ ನಿವೇಶನದ ಮನೆಗಳಲ್ಲಿ, ಇಲ್ಲವೆ ಎರಡು ಕೋಣೆಗಳ ಫ್ಲಾಟುಗಳಲ್ಲಿ ವಾಸಿಸುತ್ತಿವೆ. ಹಳ್ಳಿಯ ಮನೆಯನ್ನು ಬಿಟ್ಟು ಮಕ್ಕಳೊಡನೆ ನೆಲೆಸಲು ಬಂದ ಹಿರಿಯರಿಗಂತೂ ಕೈಗೆ ಮಣ್ಣು ಸೋಕದ ದಿನಗಳು ಬೇಸರ ತರುತ್ತವೆ. "ಕಾಲಿಡಲೇ ಜಾಗವಿಲ್ಲ, ಗಿಡಕ್ಕೆಲ್ಲಿಯ ಜಾಗ?" ಎಂಬುದು ಮನೆಮನೆಯ ಮಾತು. ಸ್ವಲ್ಪ ಯೋಚಿಸಿದರೆ ಈ ಪ್ರಶ್ನೆಗೆ ಉತ್ತರ ಮನೆಯೊಳಗೇ ಸಿಗುತ್ತದೆ. ಅಂಥ ಕೆಲವು ಉಪಾಯಗಳನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಬೆಳಕು, ಅನಂತರ ಅಲಂಕಾರ

ಗಿಡವನ್ನು ಎಲ್ಲಿಟ್ಟರೆ ಚೆಂದ ಎಂದು ಯೋಚಿಸುವ ಮುನ್ನ, ಎಲ್ಲಿಟ್ಟರೆ ಅದು ಬದುಕೀತು ಎಂದು ನೋಡಬೇಕು. ಕಿಟಕಿಯಿಂದ ದೂರ ಸರಿದಂತೆ ಬೆಳಕು ಬಹುಬೇಗ ಕುಗ್ಗುತ್ತದೆ. ನಮ್ಮ ಕಣ್ಣು ಅದಕ್ಕೆ ಹೊಂದಿಕೊಳ್ಳುವುದರಿಂದ ಆ ವ್ಯತ್ಯಾಸ ನಮಗೆ ತಿಳಿಯುವುದಿಲ್ಲ, ಗಿಡಕ್ಕೆ ತಿಳಿಯುತ್ತದೆ. ಪೂರ್ವದ ಕಿಟಕಿಯ ಎಳೆಬಿಸಿಲು ಬಹುತೇಕ ಗಿಡಗಳಿಗೆ ಹಿತಕರ. ಪಶ್ಚಿಮದ ಇಳಿಹೊತ್ತಿನ ಬಿಸಿಲು ಬೇಸಿಗೆಯಲ್ಲಿ ಎಲೆಗಳನ್ನು ಸುಡಬಲ್ಲದು; ಅಲ್ಲಿ ತೆಳುಪರದೆ ಬೇಕು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಉತ್ತರದ ಕಡೆಗೆ ವಾಲಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಆದುದರಿಂದ ಕುಂಡಗಳ ಸ್ಥಾನವನ್ನು ವರ್ಷಕ್ಕೆರಡು ಬಾರಿಯಾದರೂ ಬದಲಿಸುವುದು ಒಳ್ಳೆಯದು.

ಕಿಟಕಿಯಿಂದ ಒಳಗಿರುವ ಮಬ್ಬು ಮೂಲೆಗಳಿಗೆ ಸ್ನೇಕ್ ಪ್ಲಾಂಟ್, ಝೀಝೀ ಪ್ಲಾಂಟ್, ಮನಿಪ್ಲಾಂಟ್ ತಕ್ಕವು. ಇವು ಕಡಿಮೆ ಬೆಳಕನ್ನೂ ನೀರು ಮರೆತ ದಿನಗಳನ್ನೂ ತಾಳಿಕೊಳ್ಳುತ್ತವೆ. ದೊಡ್ಡಪತ್ರೆ, ಲೋಳೆಸರ, ದಾಸವಾಳ ಮುಂತಾದವಕ್ಕೆ ಮಾತ್ರ ನೇರ ಬಿಸಿಲು ಬೇಕೇಬೇಕು. ಅವುಗಳ ಜಾಗ ಕಿಟಕಿಯ ಕಟ್ಟೆ, ಬಾಲ್ಕನಿ ಅಥವಾ ಮಾಳಿಗೆ.

ನೆಲವನ್ನು ಬಿಟ್ಟು ಮೇಲಕ್ಕೆ

ಚಿಕ್ಕ ಮನೆಯಲ್ಲಿ ನೆಲ ಕಡಿಮೆ, ಗೋಡೆ ಹೆಚ್ಚು. ಹಾಲು ಮೊಸರಿನ ಗಡಿಗೆಗಳನ್ನು ಬೆಕ್ಕಿಗೆ ಎಟುಕದಂತೆ ತೂಗುಹಾಕುತ್ತಿದ್ದ ನೆಲುವನ್ನು ಹಿರಿಯರು ನೆನೆಯಬಹುದು. ಇಂದು ಅಂಗಡಿಗಳಲ್ಲಿ ಹೆಚ್ಚಿನ ಬೆಲೆಗೆ ಮಾರುವ ಹೆಣೆದ ತೂಗುಬುಟ್ಟಿಗಳು ಅದರದೇ ರೂಪ. ಹತ್ತಿಯ ಹಗ್ಗ ನಾಲ್ಕೆಳೆ ತೆಗೆದುಕೊಂಡು, ಬುಡದಲ್ಲಿ ಒಂದು ಗಂಟು, ನಡುವೆ ಜೋಡಿ ಗಂಟುಗಳನ್ನು ಹಾಕಿದರೆ ನೆಲುವು ಸಿದ್ಧ. ಮನೆಯ ಅಜ್ಜಿಯೂ ಮೊಮ್ಮಕ್ಕಳೂ ಒಂದು ಸಂಜೆಯಲ್ಲಿ ಇದನ್ನು ಮಾಡಿ ಮುಗಿಸಬಹುದು. ಇಳಿಬೀಳುವ ಮನಿಪ್ಲಾಂಟ್, ಸ್ಪೈಡರ್ ಪ್ಲಾಂಟ್ ಇದರಲ್ಲಿ ಬಹಳ ಶೋಭಿಸುತ್ತವೆ.

ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಹಳೆಯ ಮರದ ಏಣಿಯನ್ನು ಮೂಲೆಯಲ್ಲಿ ಗೋಡೆಗೆ ಒರಗಿಸಿ ಭದ್ರವಾಗಿ ಕಟ್ಟಿದರೆ, ಮೆಟ್ಟಿಲಿಗೊಂದರಂತೆ ಐದಾರು ಚಿಕ್ಕ ಕುಂಡಗಳನ್ನು ಕೂರಿಸಬಹುದು. ಹಳೆಯ ಮನೆಗಳಲ್ಲಿ ದೀಪವಿಡುತ್ತಿದ್ದ ಗೋಡೆಯ ಮಾಡಗಳು ಇನ್ನೂ ಉಳಿದಿದ್ದರೆ, ಅವುಗಳಲ್ಲಿ ನೀರು ತುಂಬಿದ ಸೀಸೆಯೊಂದರಲ್ಲಿ ಮನಿಪ್ಲಾಂಟಿನ ಬಳ್ಳಿಯನ್ನಿಡಬಹುದು. ಗೆಣ್ಣಿನ ಕೆಳಗೆ ಕತ್ತರಿಸಿದ ತುಂಡನ್ನು ನೀರಿನಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಬೇರು ಬಿಡುತ್ತದೆ. ಕಿಟಕಿಯ ಸರಳುಗಳಿಗೆ ತಂತಿಯ ಕೊಕ್ಕೆ ಹಾಕಿ ಕೊತ್ತಂಬರಿ, ಮೆಂತ್ಯದ ಪುಟ್ಟ ತೊಟ್ಟಿಗಳನ್ನು ಒಳಭಾಗದಲ್ಲಿ ತೂಗಿಸಿದರೆ ಅಡುಗೆಮನೆಗೆ ಚೆಲುವೂ ಆಯಿತು, ಉಪಯೋಗವೂ ಆಯಿತು.

ಹಳೆಯ ಪಾತ್ರೆಗೆ ಹೊಸ ಕೆಲಸ

ತವರಿನಿಂದ ಬಂದ ಹಿತ್ತಾಳೆಯ ಕೊಳಗ, ತಾಮ್ರದ ಹಂಡೆ, ಬಿಳಿ ಕಂದು ಬಣ್ಣದ ಉಪ್ಪಿನಕಾಯಿ ಜಾಡಿ ಎಷ್ಟೋ ಮನೆಗಳಲ್ಲಿ ಬಳಕೆಯಿಲ್ಲದೆ ಕುಳಿತಿವೆ. ಇವುಗಳಲ್ಲಿ ಗಿಡವಿಟ್ಟರೆ ಪಡಸಾಲೆಗೆ ಬರುವ ಕಳೆಯೇ ಬೇರೆ. ಆದರೆ ಇವುಗಳಲ್ಲಿ ನೇರವಾಗಿ ಮಣ್ಣು ತುಂಬಬಾರದು. ಬುಡದಲ್ಲಿ ರಂಧ್ರವಿಲ್ಲದೆ ನೀರು ನಿಂತು ಬೇರು ಕೊಳೆಯುತ್ತದೆ; ತಾಮ್ರದ ಅಂಶವೂ ಬೇರುಗಳಿಗೆ ಹಿತವಲ್ಲ. ಗಿಡವನ್ನು ರಂಧ್ರವುಳ್ಳ ಪ್ಲಾಸ್ಟಿಕ್ ಕುಂಡದಲ್ಲಿ ಬೆಳೆಸಿ, ಆ ಕುಂಡವನ್ನು ಪಾತ್ರೆಯೊಳಗೆ ಇಳಿಸಿಡಬೇಕು. ನೀರು ಹಾಕುವಾಗ ಹೊರತೆಗೆದು, ಬಸಿದ ಮೇಲೆ ಮತ್ತೆ ಇಡಬೇಕು. ಪಾತ್ರೆಯೂ ಕೆಡುವುದಿಲ್ಲ.

ಗಾಜಿನೊಳಗೊಂದು ತೋಟ

ಮೇಜಿನ ಮೇಲಿಡಲು ಗಾಜಿನ ಜಾಡಿಯ ತೋಟ ಸೊಗಸು. ಇದರ ಹಿಂದೆ ಒಂದು ರಮ್ಯವಾದ ಕಥೆಯಿದೆ. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಡನೆ ಸೀಸೆಯಲ್ಲಿಟ್ಟು ಮುಚ್ಚಿದ್ದರು. ಆ ಮಣ್ಣಿನಲ್ಲಿ ಜರೀಗಿಡವೂ ಹುಲ್ಲೂ ತಾವಾಗಿ ಮೊಳೆತು, ನೀರೆರೆಯದೆಯೇ ಬದುಕಿದವು. ಹಗಲಿನಲ್ಲಿ ಆವಿಯಾದ ನೀರು ಗಾಜಿಗೆ ತಾಗಿ ಹನಿಗೂಡಿ ಮತ್ತೆ ಮಣ್ಣಿಗಿಳಿಯುತ್ತಿದ್ದುದೇ ಇದರ ಗುಟ್ಟು. ಅಂಥ ಗಾಜಿನ ಪೆಟ್ಟಿಗೆಗಳಲ್ಲಿಯೇ ಮುಂದೆ ಚೀನದ ಚಹಾ ಸಸಿಗಳು ಹಡಗೇರಿ ಭಾರತಕ್ಕೆ ಬಂದವು. ಮನೆಯಲ್ಲಿಯೂ ಅಗಲಬಾಯಿಯ ಜಾಡಿಯ ತಳಕ್ಕೆ ಬೆಣಚುಕಲ್ಲು, ಮೇಲೆ ಸ್ವಲ್ಪ ಇದ್ದಿಲುಪುಡಿ, ಅದರ ಮೇಲೆ ಮಣ್ಣು ಹಾಕಿ ಜರೀಗಿಡ, ಪಾಚಿಗಳನ್ನು ನೆಡಬಹುದು. ಇದನ್ನು ನೇರ ಬಿಸಿಲಿಗಿಟ್ಟರೆ ಒಳಗಿನ ಗಿಡ ಬೆಂದುಹೋಗುತ್ತದೆ. ಮಕ್ಕಳಿಗೆ ಇದು ಮಳೆಯ ಪಾಠವನ್ನು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುತ್ತದೆ.

ಜೋಡಣೆಯ ಬಗೆ

ಹತ್ತಾರು ಪುಟ್ಟ ಕುಂಡಗಳನ್ನು ಮನೆಯೆಲ್ಲ ಹರಡಿದರೆ ಮನೆ ಇನ್ನಷ್ಟು ಇಕ್ಕಟ್ಟಾಗಿ ಕಾಣುತ್ತದೆ. ಒಂದೆಡೆ ಮೂರು ಅಥವಾ ಐದು ಗಿಡಗಳ ಗುಂಪು ಮಾಡಿ, ಎತ್ತರದ್ದನ್ನು ಹಿಂದೆ, ಪೊದೆಯಾದುದನ್ನು ನಡುವೆ, ಇಳಿಬೀಳುವುದನ್ನು ಮುಂದೆ ಇಟ್ಟರೆ ಕಣ್ಣಿಗೆ ಹಿತ. ಗುಂಪಿನ ಹಿಂದೆ ಕನ್ನಡಿಯಿದ್ದರೆ ಹಸುರು ಇಮ್ಮಡಿಯಾಗಿ ತೋರುತ್ತದೆ. ಕುಂಡಗಳೆಲ್ಲ ಒಂದೇ ಬಣ್ಣದವಾದರೆ ಎಲೆಗಳ ಚೆಲುವು ಎದ್ದು ಕಾಣುತ್ತದೆ. ಒಂದೆರಡು ಗಿಡಗಳನ್ನಾದರೂ ಹಿರಿಯರು ಬಗ್ಗದೆ, ಸ್ಟೂಲು ಹತ್ತದೆ ನೀರೆರೆಯುವಷ್ಟು ಎತ್ತರದಲ್ಲಿಡಬೇಕು.

ಮರೆಯಬಾರದ ಎಚ್ಚರಿಕೆ

ಒದ್ದೆ ಮಣ್ಣು ತುಂಬಿದ 12 ಅಂಗುಲದ ಮಣ್ಣಿನ ಕುಂಡ ಸುಮಾರು 20 ಕಿಲೋ ತೂಗುತ್ತದೆ. ಮೇಲಂತಸ್ತಿನ ಕಟಾಂಜನದ ಹೊರಗೆ, ಅಡ್ಡಗೋಡೆಯ ಮೇಲೆ ಕುಂಡವಿಡುವುದು ಕೆಳಗೆ ನಡೆಯುವವರ ಪ್ರಾಣಕ್ಕೆ ಸಂಚಕಾರ. ತೂಗಾಡುವ ಕುಂಡಗಳಿಗೆ ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಇವನ್ನು ಸಮಪಾಲು ಬೆರೆಸಿದರೆ ಭಾರ ಕಡಿಮೆಯಾಗುತ್ತದೆ.

ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. ರಾಜ್ಯ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಡುವವರಿಗೆ ದಂಡವನ್ನೂ ವಿಧಿಸಿತು. ವಾರಕ್ಕೊಂದು ದಿನವನ್ನು ಗೊತ್ತುಮಾಡಿಕೊಂಡು ತಟ್ಟೆಗಳನ್ನೂ ನೀರಿನ ಸೀಸೆಗಳನ್ನೂ ಬರಿದುಮಾಡಿ ಉಜ್ಜಿ ತೊಳೆಯಬೇಕು.

ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ ಡಿಫೆನ್‌ಬೇಕಿಯಾ ಬೇಡ. ಅದರ ಎಲೆ ಕಾಂಡಗಳಲ್ಲಿರುವ ಸೂಜಿಯಂಥ ಹರಳುಗಳು ಬಾಯಿ ಗಂಟಲನ್ನು ಉರಿಸಿ ಊದಿಸುತ್ತವೆ. ಮನಿಪ್ಲಾಂಟಿಗೂ ಈ ಗುಣ ಉಂಟು, ಎತ್ತರದಲ್ಲಿರಲಿ. ಪೂಜೆಯ ಹೂವಿಗೆಂದು ಬೆಳೆಸುವ ಕಣಗಿಲೆಯಂತೂ ಬೇರಿನಿಂದ ಹೂವಿನವರೆಗೆ ವಿಷ. ಮಕ್ಕಳ ಕೈಗೆ ಸಿಗಬಾರದು.

ಗಿಡಗಳು ಮನೆಯ ಗಾಳಿಯನ್ನು ಶುದ್ಧಿಮಾಡುತ್ತವೆಂಬ ಮಾತು 1989ರ ನಾಸಾ ಪ್ರಯೋಗದಿಂದ ಹಬ್ಬಿದುದು. ಆ ಪ್ರಯೋಗ ನಡೆದುದು ಮುಚ್ಚಿದ ಪೆಟ್ಟಿಗೆಗಳಲ್ಲಿ. ಅಂಥ ಪ್ರಯೋಗಗಳನ್ನೆಲ್ಲ ಪರಿಶೀಲಿಸಿದ ಸಂಶೋಧಕರು 2019ರಲ್ಲಿ, ತೆರೆದ ಕಿಟಕಿಗೆ ಸಮನಾಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕೆಂದು ತೋರಿಸಿದರು. ಗಾಳಿಗಾಗಿ ಕಿಟಕಿ ತೆರೆಯೋಣ. ರಾತ್ರಿ ಕೋಣೆಯಲ್ಲಿ ಗಿಡವಿದ್ದರೆ ಅಪಾಯವೆಂಬ ಭಯವೂ ಬೇಡ. ನಾಲ್ಕು ಗಿಡ ಬಿಡುವ ಇಂಗಾಲಾಮ್ಲಕ್ಕಿಂತ ಪಕ್ಕದಲ್ಲಿ ಮಲಗಿದವರ ಉಸಿರಿನದೇ ಬಹಳ ಹೆಚ್ಚು.

ಒಮ್ಮೆಗೇ ಹತ್ತು ಗಿಡ ತರುವುದಕ್ಕಿಂತ ಒಂದೆರಡರಿಂದ ತೊಡಗುವುದು ಮೇಲು. ನೀರೆರೆಯುವ ಹೊಣೆ ಗೃಹಿಣಿಯೊಬ್ಬಳ ಹೆಗಲಿಗೇ ಬೀಳದಿರಲಿ. ಮಗುವಿಗೊಂದು, ಅಜ್ಜನಿಗೊಂದು ಗಿಡವನ್ನು ಹಂಚಿಕೊಟ್ಟು, ಬೆರಳಿನಿಂದ ಮಣ್ಣು ಮುಟ್ಟಿ ಒಣಗಿದ್ದರೆ ಮಾತ್ರ ನೀರು ಹಾಕುವುದನ್ನು ಕಲಿಸಿದರೆ ಸಾಕು. ಬೆಳೆದ ಬಳ್ಳಿಯ ತುಂಡನ್ನು ಬೇರುಬರಿಸಿ ನೆರೆಮನೆಯವರಿಗೂ ಕೊಡಬಹುದು. ಮುಂದಿನ ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸುವ ಮೊದಲೇ ಮನೆಯ ಒಂದು ಕಿಟಕಿಯನ್ನು ಆರಿಸಿ, ಅದರ ಬೆಳಕನ್ನು ಒಂದು ದಿನವಿಡೀ ಗಮನಿಸಿ ಈ ಕೆಲಸಕ್ಕೆ ಕೈಹಚ್ಚಬೇಕೆಂದು ನಮ್ಮ ಓದುಗ ಬಂಧುಗಳಲ್ಲಿ ವಿನಂತಿಸುತ್ತೇವೆ.