ನಿಮಗಿದು ಗೊತ್ತೆ? ಮಂಗಳೂರಿನಿಂದ ಆಳಲ್ಪಟ್ಟ ಹವಳದ ದ್ವೀಪಗಳು

ಅರಬ್ಬೀ ಸಮುದ್ರದಲ್ಲಿ, ಉತ್ತರ ಅಕ್ಷಾಂಶದ 8ರಿಂದ 12 ಡಿಗ್ರಿಗಳ ನಡುವೆ, ಹವಳದ ಜೀವಿಗಳು ಯುಗಯುಗಾಂತರಗಳಿಂದ ಕಟ್ಟಿದ ದಿಬ್ಬಗಳೇ ನೆಲವಾಗಿ ನಿಂತಿರುವ ಲಕ್ಷದ್ವೀಪ ಸಮೂಹದ ವಿಸ್ತೀರ್ಣ ಕೇವಲ 32 ಚದರ ಕಿಲೋಮೀಟರು. ಆದರೂ ಅದರ ಒಡೆತನಕ್ಕಾಗಿ ನಡೆದ ಸ್ಪರ್ಧೆಯ ಇತಿಹಾಸವು ದೀರ್ಘವಾದುದು.

• ಕಣ್ಣಾನೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತ ಅಮಿನಿ ದ್ವೀಪದ ಜನರು, ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕುದರಿಂದ, ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ದ್ವೀಪಗಳು ಮೈಸೂರಿನ ಅಧೀನಕ್ಕೆ ಬಂದವು. ದಕ್ಷಿಣದ ದ್ವೀಪಗಳು ಅರಕ್ಕಲ್ ಮನೆತನದಲ್ಲಿಯೇ ಉಳಿದವು.

• 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಬಳಿಕ ಅಮಿನ್‌ದೀವಿಗಳೆಂದು ಕರೆಯಲ್ಪಡುವ ಈ ದ್ವೀಪಗಳು ಆಂಗ್ಲರ ವಶವಾಗಿ, ಒಂದೂವರೆ ಶತಮಾನಕ್ಕೂ ಮಿಗಿಲಾದ ಕಾಲ ಮಂಗಳೂರಿನಿಂದಲೇ ಆಳಲ್ಪಟ್ಟವು. ದ್ವೀಪವಾಸಿಗಳು ಹೊಸೆದ ತೆಂಗಿನ ನಾರಿನ ಹುರಿಯನ್ನು ಸರ್ಕಾರವೇ ಕೊಂಡು, ಅದಕ್ಕೆ ಪ್ರತಿಯಾಗಿ ಅಕ್ಕಿಯನ್ನು ಕೊಡುತ್ತಿದ್ದಿತು.

• 1956ರ ನವೆಂಬರ್ 1ರಂದು, ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿದ ದಿನವೇ, ಅಮಿನ್‌ದೀವಿಗಳು ಆ ಜಿಲ್ಲೆಯಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶದ ಅಂಗವಾದವು. ಆ ಪ್ರದೇಶಕ್ಕೆ ಲಕ್ಷದ್ವೀಪವೆಂಬ ಹೆಸರು ಬಂದುದು 1973ರಲ್ಲಿ.

• ದಕ್ಷಿಣದ ತುದಿಯಲ್ಲಿರುವ ಮಿನಿಕಾಯಿಯ ಜನರ ನುಡಿಯು ಮಾಲ್ದೀವಿನ ನುಡಿಗೆ ಅತಿ ಸಮೀಪವಾದುದಾದರೂ, 1976ರ ಡಿಸೆಂಬರಿನಲ್ಲಿ ಭಾರತ ಮತ್ತು ಮಾಲ್ದೀವುಗಳು ಒಪ್ಪಂದ ಮಾಡಿಕೊಂಡು, ಆ ದ್ವೀಪವು ಭಾರತದ ಭಾಗದಲ್ಲಿಯೇ ಉಳಿಯುವಂತೆ ಸಮುದ್ರದ ಗಡಿಯನ್ನು ಸ್ನೇಹಪೂರ್ವಕವಾಗಿ ನಿರ್ಧರಿಸಿದವು.

ಕನ್ನಡ ಕರಾವಳಿಯ ಚರಿತ್ರೆಯನ್ನು ಓದುವವರು ಈ ದ್ವೀಪಗಳ ಅಧ್ಯಾಯವನ್ನೂ ಅವಶ್ಯವಾಗಿ ಓದಬೇಕು.