ವಸಡಿಗೆ ಕಹಿಯ ಕಾವಲು

ಗೌರಿಬಿದನೂರು ದಾಟಿದರೆ ಹಿಂದೂಪುರ, ಪಾವಗಡ ದಾಟಿದರೆ ಕಲ್ಯಾಣದುರ್ಗ. ಕನ್ನಡ, ತೆಲುಗು ಬೆರೆತ ಈ ಒಣಸೀಮೆಯಲ್ಲಿ ಮಳೆ ಕೈಕೊಟ್ಟರೂ ಬೇವು, ಹೊಂಗೆ ಹಸಿರಾಗಿರುತ್ತವೆ. ಹಲ್ಲುಜ್ಜುವ ಕಡ್ಡಿಗಳಲ್ಲಿ ಕಹಿಗೆ ಬೇವು, ಖಾರಕ್ಕೆ ಹೊಂಗೆ ಶ್ರೇಷ್ಠ ಎಂದು ಸುಶ್ರುತ ಸಂಹಿತೆ ಆರಿಸಿದ್ದು ಈ ಎರಡು ಮರಗಳನ್ನೇ.

ನಾವು ತಿಂದ ಸಿಹಿಯನ್ನು ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್‌ನಂಥ ಬ್ಯಾಕ್ಟೀರಿಯಾಗಳು ಆಮ್ಲವಾಗಿಸುತ್ತವೆ. ಹಲ್ಲಿಗೆ ಅಂಟುವ ಲೋಳೆಯನ್ನೂ ಕಟ್ಟುತ್ತವೆ. ವಸಡಿನಂಚಿನಲ್ಲಿ ಅದು ಉಳಿದರೆ ಪೊರ್ಫಿರೊಮೊನಾಸ್ ಜಿಂಜಿವಾಲಿಸ್‌ನಂಥವು ಬೇರೂರುತ್ತವೆ. ವಸಡು ಊದಿ ರಕ್ತ ಒಸರುತ್ತದೆ, ಕೊನೆಗೆ ಹಲ್ಲು ಹಿಡಿದಿರುವ ಮೂಳೆಯೇ ಸವೆಯುತ್ತದೆ.

ಬೇವಿನ ರಸ ಈ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನೂ ಅಂಟುವ ಗುಣವನ್ನೂ ತಗ್ಗಿಸುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಬೇವಿನ ನಿಂಬಿಡಿನ್ ಉರಿಯೂತ ಇಳಿಸುತ್ತದೆ. ಜಾಲಿ ತೊಗಟೆಯಲ್ಲಿರುವುದು ಒಗರಿನ ಟ್ಯಾನಿನ್. ಲವಂಗದ ಯುಜೆನಾಲ್ ನೋವು ಮರೆಸುತ್ತದೆ. ಓಮದಲ್ಲಿರುವ ಥೈಮಾಲ್ ಅಂಗಡಿಯ ಮೌತ್‌ವಾಶ್‌ಗಳಲ್ಲೂ ಇದೆ. ಆದರೆ ಪ್ರಯೋಗಾಲಯದ ಗಟ್ಟಿ ಸಾರವೇ ಬೇರೆ, ಎಂಜಲಿನಲ್ಲಿ ತೆಳುವಾಗುವ ಕಡ್ಡಿಯ ರಸವೇ ಬೇರೆ. ಕಡ್ಡಿಯ ಅರ್ಧ ಬಲ ಅದರ ನಾರಿನಲ್ಲಿದೆ.

ಹಾಗಾಗಿ ಉಜ್ಜುವ ರೀತಿ ಮುಖ್ಯ. ಕಿರುಬೆರಳ ತುದಿಯಷ್ಟು ದಪ್ಪ, ಹನ್ನೆರಡು ಅಂಗುಲ ಉದ್ದದ ಕಡ್ಡಿ ಇರಲಿ, ವಸಡಿಗೆ ನೋವಾಗದಿರಲಿ ಎನ್ನುತ್ತದೆ ಅಷ್ಟಾಂಗ ಹೃದಯ. ಎಳೆಯ ಕಡ್ಡಿಯ ತುದಿಯನ್ನು ನಾರು ಮೆತ್ತಗಾಗುವವರೆಗೆ ಅಗಿದು, ವಸಡಿನಿಂದ ಹಲ್ಲಿನ ತುದಿಯತ್ತ ನಿಧಾನವಾಗಿ ಉಜ್ಜಬೇಕು. ಅಡ್ಡಡ್ಡ ತಿಕ್ಕಿದರೆ ವಸಡು ಜಾರಿ ಬೇರು ಹೊರಬೀಳುತ್ತದೆ.

ಈ ಭಾಗದಲ್ಲಿ ಇನ್ನೊಂದು ಎಚ್ಚರ ಬೇಕು. ಅನಂತಪುರ ಸೀಮೆಯ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ರೂಪುಗೊಳ್ಳುವ ಎಳೆವಯಸ್ಸಿನಲ್ಲೇ ಅದರ ಕಂದು ಕಲೆ ಒಳಗೆ ಕೂರುತ್ತದೆ. ಅದು ಕೊಳೆಯಲ್ಲ, ಯಾವ ಕಡ್ಡಿಗೂ ಹೋಗದು. ಇಟ್ಟಿಗೆ ಪುಡಿ, ಇದ್ದಿಲು ಹಾಕಿ ತಿಕ್ಕಿದರೆ ಎನಾಮಲ್ ಸವೆದು ಹಲ್ಲು ಜುಮ್ಮೆನ್ನತೊಡಗುತ್ತದೆ.

ಎಂಜಲಿನ ಸುಣ್ಣದಂಶ ಸೇರಿ ಲೋಳೆ ಗಟ್ಟಿಯಾದರೆ ಅದೇ ಹಲ್ಲಿನ ಗಾರೆ. ಅದನ್ನು ತೆಗೆಯಲು ದಂತವೈದ್ಯರೇ ಬೇಕು. ಸಕ್ಕರೆ ಕಾಯಿಲೆಯವರಿಗೆ, ಬೀಡಿ–ಹೊಗೆಸೊಪ್ಪಿನ ರೂಢಿಯವರಿಗೆ ಅಪಾಯ ಇನ್ನೂ ಹೆಚ್ಚು. ಬೆಳಿಗ್ಗೆ ಬೇವಿನ ಕಡ್ಡಿ ಹಿಡಿಯುವವರು ರಾತ್ರಿ ಮಲಗುವ ಮುನ್ನ ಪೇಸ್ಟ್ ಹಾಕಿ ಬ್ರಷ್ ಮಾಡಲಿ. ಉಜ್ಜಿದಾಗಲೆಲ್ಲ ರಕ್ತ ಕಾಣಿಸಿದರೆ, ಲವಂಗ ಕಚ್ಚಿಕೊಂಡು ದಿನ ದೂಡದೆ ಹಲ್ಲಿನ ಡಾಕ್ಟರಿಗೆ ತೋರಿಸಲಿ. ವಸಡಿನ ಊತವನ್ನು ಮೊದಲಲ್ಲೇ ಗುಣಪಡಿಸಬಹುದು. ಕರಗಿದ ಮೂಳೆ ತಾನಾಗಿ ಮರಳಿ ಬೆಳೆಯದು.