ಮರ ಕಡಿದರೆ ಮೇಲೇಳುವ ಉಪ್ಪು

ನೀಲಗಿರಿ ಎಂದರೆ ಕರ್ನಾಟಕದ ರೈತರಿಗೆ ಅಂತರ್ಜಲ ಹೀರುವ ಮರ. 2017ರಲ್ಲಿ ರಾಜ್ಯ ಸರ್ಕಾರ ಅದನ್ನು ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಆದರೆ ಅದರ ತವರಾದ ಆಸ್ಟ್ರೇಲಿಯದಲ್ಲಿ ನೀಲಗಿರಿಯ ಬಳಗದ ಮರಗಳನ್ನು ಸ್ವಂತ ಜಮೀನಿನಲ್ಲಿ ಕಡಿಯಬೇಕಾದರೂ ರೈತ ಸಾಮಾನ್ಯವಾಗಿ ಅನುಮತಿ ಪಡೆಯಬೇಕು. ಅಲ್ಲಿ ಭೂಮಿಯನ್ನು ಕಾಯುವುದು ಆ ಮರದ ನೀರಡಿಕೆಯೇ!

ಇದು ಹೇಗೆ? ಪಶ್ಚಿಮ ಆಸ್ಟ್ರೇಲಿಯದ ಗೋಧಿ ಸೀಮೆಯನ್ನು ನೋಡಿದರೆ ತಿಳಿಯುತ್ತದೆ. ಸಾವಿರಾರು ವರ್ಷಗಳಿಂದ ಸಮುದ್ರದ ಗಾಳಿ, ಮಳೆಗಳು ಹೊತ್ತು ತಂದ ಉಪ್ಪು ಅಲ್ಲಿನ ನೆಲದ ಆಳದಲ್ಲಿ ಶೇಖರವಾಗಿದೆ. ಮೂಲ ಸಸ್ಯಗಳು ವರ್ಷವಿಡೀ ಹಸಿರು. ಅವುಗಳ ಬೇರು ಆಳ. ಬಿದ್ದ ಮಳೆಯ ಬಹುಪಾಲನ್ನು ಅವೇ ಕುಡಿದು ಎಲೆಗಳ ಮೂಲಕ ಆವಿಯಾಗಿಸುತ್ತಿದ್ದವು. ಕೆಳಗಿನ ಉಪ್ಪು ಕೆಳಗೇ ಉಳಿಯುತ್ತಿತ್ತು.

ಗೋಧಿಯ ಬೇರು ಅಷ್ಟು ಆಳಕ್ಕಿಳಿಯದು. ಬೆಳೆಯೂ ಕೆಲವೇ ತಿಂಗಳದ್ದು. ಕಾಡು ಕಡಿದ ಮೇಲೆ ಮಿಕ್ಕ ನೀರು ಇಂಗಿತು, ಅಂತರ್ಜಲ ವರ್ಷ ವರ್ಷವೂ ಏರಿತು, ಉಪ್ಪನ್ನೂ ಕರಗಿಸಿಕೊಂಡು ಬಂತು. ನೆಲದ ಮಟ್ಟಕ್ಕೆ ಒಂದೆರಡು ಮೀಟರು ಸಮೀಪಿಸಿದರೆ ಸಾಕು, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಉಪ್ಪುನೀರು ತಾನಾಗಿ ಮೇಲೇರುತ್ತದೆ. ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ತೇವ ಹಿಡಿದ ಹಳೆಯ ಗೋಡೆಯ ಮೇಲೆ ಬಿಳಿ ಪುಡಿ ಮೂಡುವುದನ್ನು ಮಕ್ಕಳು ಗಮನಿಸಿರಬಹುದು. ಅದೂ ಇದೇ ಕ್ರಿಯೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕಾಲುವೆಯ ಅತಿ ನೀರಿನಿಂದ ಹೊಲಗಳು ಸವಳಾದದ್ದೂ ಹೀಗೆಯೇ.

ಇದು ಯಾರಿಗೂ ಗೊತ್ತಿರಲಿಲ್ಲವೆಂದಲ್ಲ. ರೈಲ್ವೆಯ ಉಗಿಯಂತ್ರಗಳಿಗೆ ಸಿಹಿನೀರು ಬೇಕಲ್ಲ? ರೈಲ್ವೆ ಎಂಜಿನಿಯರ್ ಡಬ್ಲ್ಯು. ಇ. ವುಡ್ ಎಂಬಾತ ಕಾಡು ಕಡಿದಲ್ಲೆಲ್ಲ ನೀರು ಉಪ್ಪಾಗುವುದನ್ನು ಕಂಡು 1924ರಲ್ಲೇ ಪ್ರಬಂಧ ಪ್ರಕಟಿಸಿದ. ಸರ್ಕಾರ ಮಾತ್ರ 1960ರ ದಶಕದಲ್ಲಿಯೂ ವರ್ಷಕ್ಕೆ ಹತ್ತು ಲಕ್ಷ ಎಕರೆ ಹೊಸ ಭೂಮಿ ಎಂಬ ಉತ್ಸಾಹದಲ್ಲಿತ್ತು.

ಪೆಟ್ಟು ಬಿದ್ದದ್ದು ಕುಡಿಯುವ ನೀರಿಗೆ. ಕಾಲಿ ನದಿಯ ವೆಲಿಂಗ್ಟನ್ ಜಲಾಶಯ ಉಪ್ಪಾಗತೊಡಗಿದಾಗ 1976ರಲ್ಲಿ ಅದರ ಜಲಾನಯನ ಪ್ರದೇಶದಲ್ಲಿ ಲೈಸೆನ್ಸ್ ಇಲ್ಲದೆ ಮರ ಕಡಿಯುವುದನ್ನು ತಡೆಯಲಾಯಿತು. ಅನುಮತಿ ಸಿಗದ ರೈತನಿಗೆ ಪರಿಹಾರವೂ ಉಂಟಾಯಿತು. ಆದರೂ ಉಪ್ಪು ಏರುತ್ತಲೇ ಹೋಯಿತು. ಕಾರಣ ಸರಳ: ಹಿಂದೆಯೇ ಕಡಿದಿದ್ದ ಕಾಡಿನ ಫಲ ಅಂತರ್ಜಲದಲ್ಲಿ ಆಗಿನ್ನೂ ಏರಿ ಬರುತ್ತಿತ್ತು. ಕೊನೆಗೆ ಕುಡಿಯುವ ನೀರಿಗಾಗಿ 1990ರ ಹೊತ್ತಿಗೆ ಹ್ಯಾರಿಸ್ ಎಂಬ ಬೇರೆ ಅಣೆಕಟ್ಟನ್ನೇ ಕಟ್ಟಬೇಕಾಯಿತು.

ದಕ್ಷಿಣ ಆಸ್ಟ್ರೇಲಿಯ 1983ರಲ್ಲಿ ಭೂಯೋಜನೆಯ ಕಾನೂನಿನಡಿಯೇ ಮರ ಕಡಿತಕ್ಕೆ ನಿಯಂತ್ರಣ ತಂದಿತು. ರೈತರು ಸಿಡಿದೆದ್ದರು. ಅದರಲ್ಲಿ ನ್ಯಾಯವೂ ಇತ್ತು. ಕಾಡು ಕಡಿದು ಉಳುಮೆ ಮಾಡಿ ಎಂದು ಅಪ್ಪನಿಗೆ ಹೇಳಿದ ಸರ್ಕಾರ, ಕಡಿದರೆ ದಂಡವೆಂದು ಮಗನಿಗೆ ಹೇಳಿದರೆ ಹೇಗೆ? 1985ರ ಕಾಯ್ದೆ ಇದಕ್ಕೊಂದು ದಾರಿ ಹುಡುಕಿತು. ಅನುಮತಿ ನಿರಾಕರಿಸಲ್ಪಟ್ಟ ರೈತ ಮೂಲ ಸಸ್ಯಗಳನ್ನು ಉಳಿಸುವ ಒಪ್ಪಂದಕ್ಕೆ ಬಂದರೆ ಹಣ ಸಿಗುತ್ತಿತ್ತು. ಆ ಒಪ್ಪಂದ ಜಮೀನಿನ ಪತ್ರಕ್ಕೆ ಅಂಟಿಕೊಂಡು, ಮುಂದೆ ಕೊಂಡವನನ್ನೂ ಕಟ್ಟಿಹಾಕುತ್ತದೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಈಗಿನ ಪರವಾನಗಿ ನಿಯಮ ಬಂದದ್ದು 2004ರಲ್ಲಿ.

ಅಷ್ಟರಲ್ಲಿ ಗೋಧಿ ಸೀಮೆಯ ಬಹುತೇಕ ಸಿಹಿನೀರಿನ ಕೆರೆಗಳು ಹೋಗಿದ್ದವು. ಟಾರ್‌ಬ್ಲಿನ್ ಕೆರೆಯಲ್ಲಿ ನಿಂತಿರುವುದು ಸತ್ತ ಮರಗಳ ಬೊಡ್ಡೆ. ಅದರ ನೆರೆಯ ಟೂಲಿಬಿನ್ ಕೆರೆಯ ಅಂಗಳದಲ್ಲಿ ಗಾಳಿಮರದ ಜಾತಿಯೊಂದು ಬೆಳೆಯುತ್ತದೆ. ಅಪರೂಪದ ಚುಕ್ಕೆ ಬಾತು ಮರಿ ಮಾಡಿದ ತಾಣವಿದು. 1990ರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಇದಕ್ಕೆ ನೀರುಣಿಸುವ ಜಲಾನಯನದ ಬಹುಪಾಲು ಆಗಲೇ ಗೋಧಿ ಹೊಲ. ಹಾಗಾಗಿ 1990ರ ದಶಕದಲ್ಲಿ ಕೆರೆಯಡಿಯ ಉಪ್ಪುನೀರನ್ನು ಎತ್ತಲು ಪಂಪುಗಳನ್ನು ಹೂಡಲಾಯಿತು. ಮಳೆಯ ಮೊದಲ ಹರಿವು ಉಪ್ಪು; ಅದನ್ನು ಪಕ್ಕದ ಕಾಲುವೆಗೆ ತಿರುಗಿಸುತ್ತಾರೆ. ನೀರು ಸಿಹಿಯೆಂದು ಖಚಿತವಾದರೆ ಮಾತ್ರ ಕೆರೆಯ ಬಾಗಿಲು ತೆರೆಯುತ್ತದೆ.